ಫುಟ್‌ಪಾತ್ ಮೇಲೆ ಮನಸ್ಸು ಬಿಗಿಯಾಗೋದು ಯಾಕೆ?

2022ರಲ್ಲಿ ಬೆಂಗಳೂರಿನ ಕೆಲವು ಸಿಗ್ನಲ್‌ಗಳಲ್ಲಿ ಕೆಂಪು ದೀಪ ಹೃದಯದ ಆಕಾರಕ್ಕೆ ತಿರುಗಿತ್ತು. ವಿಶ್ವ ಹೃದಯ ದಿನದ ಜಾಗೃತಿಗೆ ಅಂತ ಒಂದು ಆಸ್ಪತ್ರೆಯ ಜೊತೆ ಸೇರಿ ಮಾಡಿದ್ದು. ಜನ ಫೋಟೊ ತೆಗೆದು ಹಂಚಿಕೊಂಡರು. ಐಡಿಯಾ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಆ ದೀಪದ ಕೆಳಗೆ ರಸ್ತೆ ದಾಟಲು ಕಾಯುತ್ತಿದ್ದವರ ಎದೆಬಡಿತ ಎಷ್ಟಿತ್ತು ಅಂತ ಯಾರಾದರೂ ನೋಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಟ್ರಾಫಿಕ್ ಅಂದರೆ ಟೆನ್ಷನ್ ಅನ್ನೋದು ಹೊಸ ವಿಷಯವೇನಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಇಂಥ ಸುದ್ದಿ ಬಂದಾಗಲೆಲ್ಲ ಚರ್ಚೆ ಒಂದೇ ದಾರಿ ಹಿಡಿಯುತ್ತದೆ: ವಾಹನ ಜಾಸ್ತಿ, ರಸ್ತೆ ಕಡಿಮೆ, ಫ್ಲೈಓವರ್ ಕಟ್ಟಿ. ಬೀದಿ ನಮ್ಮ ಮನಸ್ಸಿಗೆ ಏನು ಮಾಡುತ್ತದೆ ಅನ್ನೋದಕ್ಕೆ ವಾಹನಗಳ ಸಂಖ್ಯೆ ಒಂದೇ ಉತ್ತರವಲ್ಲ. ಅಷ್ಟೇ ವಾಹನ ಓಡಾಡುವ ಎರಡು ರಸ್ತೆಗಳಲ್ಲಿ ಒಂದರಲ್ಲಿ ಆರಾಮಾಗಿ ನಡೆಯುತ್ತೇವೆ, ಇನ್ನೊಂದರಲ್ಲಿ ಹಲ್ಲು ಕಚ್ಚಿಕೊಂಡು ನಡೆಯುತ್ತೇವೆ. ವ್ಯತ್ಯಾಸ ಇರುವುದು ರಸ್ತೆಯನ್ನು ಕಟ್ಟಿದ ರೀತಿಯಲ್ಲಿ.

ಇದನ್ನು ಅರ್ಥ ಮಾಡಿಕೊಳ್ಳಲು ಬೀದಿಗೆ ನೇರ ಸಂಬಂಧವಿಲ್ಲದ ಒಂದು ಹಳೇ ಪ್ರಯೋಗದಿಂದ ಶುರು ಮಾಡುವುದು ವಾಸಿ. ಅಮೆರಿಕದ ಮನಃಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1960ರ ದಶಕದ ಕೊನೆಯಲ್ಲಿ ಜನರನ್ನು ಕೂರಿಸಿ ಜೋರಾದ ಗದ್ದಲ ಕೇಳಿಸಿದರು. ಕೆಲವರಿಗೆ ಗದ್ದಲ ನಿಗದಿತ ಅಂತರದಲ್ಲಿ ಬರುತ್ತಿತ್ತು, ಕೆಲವರಿಗೆ ಯಾವಾಗ ಬರುತ್ತದೆ ಅಂತ ಹೇಳಲಾಗದ ಹಾಗೆ. ಇನ್ನೂ ಕೆಲವರ ಕೈಗೆ ಒಂದು ಬಟನ್ ಕೊಟ್ಟರು. ತಡೆಯಲು ಆಗದಿದ್ದರೆ ಒತ್ತಿ, ಶಬ್ದ ನಿಲ್ಲುತ್ತದೆ, ಆದರೆ ಆದಷ್ಟು ಒತ್ತಬೇಡಿ ಅಂದರು. ಬಹುತೇಕ ಯಾರೂ ಒತ್ತಲಿಲ್ಲ. ಅಂದರೆ ಬಟನ್ ಇದ್ದವರೂ ಇಲ್ಲದವರೂ ಕೇಳಿದ ಗದ್ದಲ ಒಂದೇ. ಆಮೇಲೆ ಎಲ್ಲರಿಗೂ ಬಿಡಿಸಲು ಆಗದ ಒಗಟು ಕೊಟ್ಟಾಗ, ಬಟನ್ ಇದ್ದವರು ಬೇಗ ಕೈಚೆಲ್ಲಲಿಲ್ಲ. ಇಲ್ಲದವರು ಸುಸ್ತಾಗಿ ಬಿಟ್ಟುಬಿಟ್ಟರು. ಶಬ್ದ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದವರ ಕಥೆಯೂ ಹಾಗೇ.

ಇಲ್ಲಿ ಜನರನ್ನು ದಣಿಸಿದ್ದು ಶಬ್ದದ ಪ್ರಮಾಣಕ್ಕಿಂತ ಹೆಚ್ಚಾಗಿ ಎರಡು ಸಂಗತಿ. ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದರೆ ನಾನೇನೂ ಮಾಡುವ ಹಾಗಿಲ್ಲ. ನಮ್ಮ ಶಬ್ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ ಮಿತಿ ಹಾಕುತ್ತವೆ. ಮಿತಿ ಬೇಕು, ಸರಿ. ಆದರೆ ದೂರದಿಂದ ಒಂದೇ ಸಮನೆ ಬರುವ ವಾಹನಗಳ ಸದ್ದಿಗೂ, ಬೆನ್ನ ಹಿಂದೆ ಒಂದೂವರೆ ಅಡಿಯಲ್ಲಿ ಹೊಡೆದ ಹಾರ್ನ್‌ಗೂ ಇರುವ ವ್ಯತ್ಯಾಸವನ್ನು ಸರಾಸರಿ ಡೆಸಿಬೆಲ್ ಹೇಳಲ್ಲ. ಎರಡನೆಯದಕ್ಕೆ ಮೈ ಜುಮ್ ಅನ್ನುತ್ತದೆ, ಭುಜ ಮೇಲಕ್ಕೆ ಹೋಗುತ್ತದೆ, ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅರ್ಧ ಗಂಟೆಯಲ್ಲಿ ಹತ್ತಾರು ಸಲ ಹೀಗಾದರೆ ಮನೆ ಸೇರುವ ಹೊತ್ತಿಗೆ ಯಾರ ಮೇಲಾದರೂ ರೇಗುವುದು ಸಹಜ.

ಈಗ ಫುಟ್‌ಪಾತ್‌ಗೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಪಾದಚಾರಿ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಹೇಳುವುದು ಇಷ್ಟು: ಫುಟ್‌ಪಾತ್‌ನಲ್ಲಿ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ತಲೆಯ ಮೇಲೆ 2.2 ಮೀಟರ್‌ವರೆಗೆ ಏನೂ ಅಡ್ಡ ಬರಬಾರದು, ಅಂಚಿನ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. 1.8 ಮೀಟರ್ ಅಂದರೆ ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟಿಹೋಗುವಷ್ಟು ಜಾಗ. ಕಾಗದದ ಮೇಲೆ ನಮ್ಮ ನಿಯಮಕ್ಕೆ ಯಾವ ಕೊರತೆಯೂ ಇಲ್ಲ.

ನೆಲದ ಮೇಲೆ? ನಮ್ಮ ಯಾವುದೇ ಹಳೇ ಬಡಾವಣೆಯ ಮುಖ್ಯರಸ್ತೆಯಲ್ಲಿ ನೂರು ಮೀಟರ್ ನಡೆದು ನೋಡಿ. ಮೊದಲು ಚರಂಡಿ ಮೇಲಿನ ಚಪ್ಪಡಿ ಕಲ್ಲು. ಎರಡು ಕಲ್ಲಿನ ನಡುವೆ ಕಾಲು ಹೋಗುವಷ್ಟು ಸಂದು. ಮುಂದೆ ಒಂದು ಮನೆಯವರು ಕಾರು ಹತ್ತಿಸಲು ಮಾಡಿಕೊಂಡ ಇಳಿಜಾರು, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ. ಆಮೇಲೆ ಬೇಲಿ ಹಾಕಿದ ಟ್ರಾನ್ಸ್‌ಫಾರ್ಮರ್, ಅಲ್ಲಿ ರಸ್ತೆಗೆ ಇಳಿಯಲೇಬೇಕು. ಇಳಿದರೆ ಬೆನ್ನಿಗೆ ಬಸ್ಸು. ಮತ್ತೆ ಹತ್ತಬೇಕು ಅಂದರೆ ಅಂಚು ಮೊಣಕಾಲು ಹತ್ತಿರ ಬರುವಷ್ಟು ಎತ್ತರ. ಹತ್ತಿದ ಮೇಲೆ ಸಾಲಾಗಿ ನಿಲ್ಲಿಸಿದ ಸ್ಕೂಟರ್. ಕಂಬದಿಂದ ಇಳಿಬಿದ್ದ ಕೇಬಲ್ ಸುರುಳಿ ಕತ್ತಿನ ಮಟ್ಟಕ್ಕೆ. ಆಫೀಸು ಬಿಡುವ ಹೊತ್ತಾದರೆ ಎದುರಿನಿಂದ ಬೈಕೇ ಬರುತ್ತದೆ, ಜಾಗ ಬಿಡಿ ಅಂತ ಹಾರ್ನ್ ಬೇರೆ.

ಇಷ್ಟರಲ್ಲಿ ಯಾವುದೂ ದೊಡ್ಡ ಅಪಾಯ ಅಂತ ಅನ್ನಿಸಲ್ಲ, ಬಿಡಿಬಿಡಿಯಾಗಿ ನೋಡಿದರೆ. ಆದರೆ ಪ್ರತಿ ಹೆಜ್ಜೆಗೂ ಒಂದು ತೀರ್ಮಾನ ಬೇಕು. ಇಳೀಲಾ, ಹತ್ತಲಾ, ನಿಲ್ಲಲಾ? ನಡಿಗೆ ಅಂದರೆ ಯೋಚನೆ ಮಾಡದೆ ಆಗಬೇಕಾದ ಕೆಲಸ. ಕಾಲು ತನ್ನ ಪಾಡಿಗೆ ನಡೆಯುತ್ತದೆ, ತಲೆ ತನ್ನ ಪಾಡಿಗೆ ಏನೋ ಯೋಚಿಸುತ್ತದೆ. ಅದಕ್ಕೇ ವಾಕಿಂಗ್ ಹೋದರೆ ಮನಸ್ಸು ಹಗುರಾಗುವುದು. ನಮ್ಮ ಫುಟ್‌ಪಾತ್ ತಲೆಯನ್ನೂ ಕಾಲಿನ ಕೆಲಸಕ್ಕೆ ಹಚ್ಚುತ್ತದೆ. ಕಣ್ಣು ನೆಲ ಬಿಟ್ಟು ಏಳಲ್ಲ.

ಇನ್ನೊಂದು ಗಮನಿಸಿದ್ದೀರಾ? ಇಬ್ಬರು ಜೊತೆಯಾಗಿ ಹೊರಟರೆ ಹತ್ತು ಹೆಜ್ಜೆಗೆ ಒಬ್ಬರ ಹಿಂದೆ ಒಬ್ಬರಾಗುತ್ತಾರೆ. ಮುಂದಿನವರು ಕತ್ತು ತಿರುಗಿಸಿ ಮಾತಾಡುತ್ತಾರೆ, ಹಿಂದಿನವರು ‘ಆಂ? ಏನಂದ್ರಿ?’ ಅನ್ನುತ್ತಾರೆ. ಎರಡು ಸಲ ಹೀಗಾದ ಮೇಲೆ ಮಾತು ನಿಂತೇ ಹೋಗುತ್ತದೆ. ಗಂಡ ಹೆಂಡತಿ ಸಂಜೆ ಒಟ್ಟಿಗೆ ನಡೆದು ತರಕಾರಿ ತರುವುದಕ್ಕೂ, ಗಂಡ ಮುಂದೆ ಹೆಂಡತಿ ಹಿಂದೆ ಮೌನವಾಗಿ ಬರುವುದಕ್ಕೂ ನಡುವೆ ಇರುವುದು ಕೆಲವೊಮ್ಮೆ ಬರೀ ಎರಡಡಿ ಕಾಂಕ್ರೀಟ್. (ಜಗಳ ಆಡಿಕೊಂಡು ಬಂದಿದ್ದರೆ ಅದು ಬೇರೆ ವಿಷಯ.)

ರಸ್ತೆ ದಾಟುವುದು ಇದರ ಮುಂದಿನ ಅಧ್ಯಾಯ. ಬೆಂಗಳೂರಿನ ಎಷ್ಟೋ ಹಳೇ ರಸ್ತೆಗಳನ್ನು ಒನ್‌ವೇ ಮಾಡಿದ್ದಾರೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಉದಾಹರಣೆ. ವಾಹನಕ್ಕೆ ಅನುಕೂಲ, ಒಪ್ಪೋಣ. ಆದರೆ ಎದುರಿನಿಂದ ವಾಹನ ಬರಲ್ಲ ಅಂತಾದಾಗ ವೇಗ ಏರುತ್ತದೆ. ದಾಟುವವರಿಗೆ ನಡುವೆ ನಿಲ್ಲಲು ಜಾಗವಿಲ್ಲ, ಇಡೀ ರಸ್ತೆಯನ್ನು ಒಂದೇ ಉಸಿರಿಗೆ ದಾಟಬೇಕು. ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗ್ ನಂತರ ಗಾಳಿ ಬೆಳಕು ಬೇಕು ಅಂತ ಯೋಜಿಸಿ ಕಟ್ಟಿದ ಬಡಾವಣೆಗಳು. ಆರೋಗ್ಯಕ್ಕಾಗಿಯೇ ಹುಟ್ಟಿದ ಬೀದಿಗಳಲ್ಲಿ ಇವತ್ತು ವಯಸ್ಸಾದವರು ಎದುರುಗಡೆ ಔಷಧಿ ಅಂಗಡಿಗೆ ಹೋಗಲು ಆಟೊ ಕರೆಯಬೇಕಾ ಅಂತ ಯೋಚಿಸುವ ಹಾಗಾಗಿದೆ.

ಕೆಲವು ಕಡೆ ಪಾದಚಾರಿಗಳಿಗೆ ಅಂತ ಬಟನ್ ಇರುವ ಸಿಗ್ನಲ್ ಹಾಕಿದ್ದಾರೆ. ಒತ್ತಿದರೆ ಸ್ವಲ್ಪ ಹೊತ್ತಿಗೆ ವಾಹನಗಳಿಗೆ ಕೆಂಪು ಬರಬೇಕು. ಗ್ಲಾಸ್ ಮತ್ತು ಸಿಂಗರ್ ಪ್ರಯೋಗದ ಬಟನ್ ನೆನಪಾಯ್ತಾ? ಅದು ಕೆಲಸ ಮಾಡಿದರೆ ಕಾಯುವುದೂ ಕಷ್ಟವಾಗಲ್ಲ, ಯಾಕೆಂದರೆ ನನ್ನ ಕೈಯಲ್ಲಿ ಏನೋ ಇದೆ. ಒತ್ತಿದರೂ ಏನೂ ಆಗದಿದ್ದರೆ, ಬಟನ್ ಇಲ್ಲದೇ ಇದ್ದದ್ದೇ ಮೇಲಾಗಿತ್ತು ಅನ್ನಿಸುತ್ತದೆ. ವಾಹನದಲ್ಲಿ ಕೂತವರಿಗೆ ಇನ್ನು 87 ಸೆಕೆಂಡ್, 86 ಸೆಕೆಂಡ್ ಅಂತ ಅಂಕಿ ಇಳಿಯುತ್ತಾ ಕಾಣುತ್ತದೆ. ಎಷ್ಟು ಕಾಯಬೇಕು ಅಂತ ಗೊತ್ತಾದರೆ ಎಂಜಿನ್ ಜೊತೆ ಮನಸ್ಸನ್ನೂ ಆಫ್ ಮಾಡಬಹುದು. ನಡೆಯುವವರಿಗೆ ಆ ಅಂಕಿ ಅಪರೂಪ.

ಸ್ಕೈವಾಕ್ ಇದೆಯಲ್ಲ ಅನ್ನಬಹುದು. ವಾಹನ ಒಂದು ನಿಮಿಷ ನಿಲ್ಲಬಾರದು ಅಂತ ಮನುಷ್ಯರನ್ನು ಎರಡು ಮಹಡಿ ಹತ್ತಿಸಿ ಇಳಿಸುವ ವ್ಯವಸ್ಥೆ ಅದು. ಲಿಫ್ಟ್ ನಿಂತಿದ್ದರೆ ಮೊಣಕಾಲು ನೋವಿನವರ ಗತಿ ಏನು? ಜನ ಅದನ್ನು ಬಳಸಲ್ಲ ಅಂತ ಬೈಯುವುದು ಸುಲಭ.

ನಡೆಯುವವರಿಗಷ್ಟೇ ಅಲ್ಲ, ಆ ಬೀದಿಯಲ್ಲಿ ವಾಸ ಮಾಡುವವರಿಗೂ ಇದು ತಟ್ಟುತ್ತದೆ. ಇದನ್ನು ತೋರಿಸಿದವರು ನಗರ ವಿನ್ಯಾಸದ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್. 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಆರಿಸಿಕೊಂಡರು. ನೋಡಲು ಮೂರೂ ಹೆಚ್ಚುಕಡಿಮೆ ಒಂದೇ ಥರ. ದಿನಕ್ಕೆ ಓಡುವ ವಾಹನ ಮಾತ್ರ ಒಂದರಲ್ಲಿ 2,000, ಒಂದರಲ್ಲಿ 8,000, ಇನ್ನೊಂದರಲ್ಲಿ 16,000. ನಿಮಗೆ ಇದೇ ಬೀದಿಯಲ್ಲಿ ಎಷ್ಟು ಜನ ಸ್ನೇಹಿತರು ಅಂತ ಮನೆಮನೆಗೆ ಹೋಗಿ ಕೇಳಿದರು. ಕಡಿಮೆ ವಾಹನದ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು, ಆರು ಜನ ಪರಿಚಯದವರು. ಜಾಸ್ತಿ ವಾಹನದ ಬೀದಿಯಲ್ಲಿ ಸ್ನೇಹಿತರು ಒಬ್ಬರಿಗಿಂತ ಕಡಿಮೆ, ಪರಿಚಯದವರು ಮೂವರು. ನಿಮ್ಮ ಮನೆ ಅಂದರೆ ಎಲ್ಲಿಯವರೆಗೆ, ನಕ್ಷೆಯಲ್ಲಿ ಗೆರೆ ಹಾಕಿ ತೋರಿಸಿ ಅಂದರು. ಶಾಂತ ಬೀದಿಯವರು ಇಡೀ ಬೀದಿಯನ್ನೇ ತಮ್ಮದು ಅಂತ ಸುತ್ತು ಹಾಕಿದರು. ಗದ್ದಲದ ಬೀದಿಯವರ ಗೆರೆ ತಮ್ಮ ಕಟ್ಟಡದ ಗೋಡೆಗೇ ನಿಂತಿತು. 1982ರಲ್ಲಿ ಆಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರು ಗುದ್ದಿ ಆಪಲ್‌ಯಾರ್ಡ್ ತೀರಿಕೊಂಡರು.

ಮನೆ ಮುಂದೆ ಜಗುಲಿಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸುವ ಅಭ್ಯಾಸ ಊರುಗಳಲ್ಲಿ ಇನ್ನೂ ಇದೆ. ನಗರದಲ್ಲಿ ಹೋಯಿತು, ಯಾಕೆ? ಮೊಬೈಲ್, ಟಿವಿ ಅಂತ ದೂರುತ್ತೇವೆ. ಮನೆ ಮುಂದಿನ ರಸ್ತೆ ಶಾರ್ಟ್‌ಕಟ್ ಆಗಿ, ಮ್ಯಾಪ್ ನೋಡಿಕೊಂಡು ಬರುವ ಕಾರುಗಳೆಲ್ಲ ಅಲ್ಲಿ ನುಗ್ಗಲು ಶುರುವಾದ ಮೇಲೆ ಅಲ್ಲಿ ಯಾರು ಕೂರುತ್ತಾರೆ ಹೇಳಿ.

ಇಲ್ಲಿಗೆ ಒಂದು ತಿರುವು ಬೇಕು. ಗಲಾಟೆ ಇಲ್ಲದ, ಖಾಲಿ, ಸಾಪಾದ ಬೀದಿ ಮಾಡಿಬಿಟ್ಟರೆ ಸಮಸ್ಯೆ ಮುಗಿಯುತ್ತಾ? ಇಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಕಾಲಿನ್ ಎಲ್ಲಾರ್ಡ್ 2011ರಲ್ಲಿ ನ್ಯೂಯಾರ್ಕಿನಲ್ಲಿ ಮನಸ್ಸು ಎಷ್ಟು ಚುರುಕಾಗಿದೆ ಅಂತ ತಿಳಿಯಲು ಜನರ ಕೈಗೆ ಚರ್ಮದ ಬೆವರನ್ನು ಅಳೆಯುವ ಸಾಧನ ಕಟ್ಟಿ ಬೀದಿ ಸುತ್ತಿಸಿದರು. ನಡುನಡುವೆ ಈಗ ಹೇಗನ್ನಿಸುತ್ತಿದೆ ಅಂತ ಕೇಳಿದರು. ಒಂದು ದೊಡ್ಡ ಸೂಪರ್ ಮಾರ್ಕೆಟ್ಟಿನ ಗಾಜಿನ ಉದ್ದ ಗೋಡೆಯ ಮುಂದೆ ಜನ ಮಂಕಾದರು, ಬೋರು ಅಂದರು. ಕೆಲವೇ ಹೆಜ್ಜೆ ಆಚೆ ಚಿಕ್ಕಚಿಕ್ಕ ಅಂಗಡಿ, ಹೋಟೆಲ್ ಇರುವ ಕಡೆ ಮುಖ ಅರಳಿತು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳ ಕಾಂಪೌಂಡ್ ಗೋಡೆ ಪಕ್ಕ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಫುಟ್‌ಪಾತ್ ಚೆನ್ನಾಗಿರುವ ಕಡೆಯೂ ಆ ದಾರಿ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಒಂದೇ ಗೋಡೆ, ಒಂದೇ ಗೇಟು, ಒಬ್ಬ ಸೆಕ್ಯುರಿಟಿ, ಮತ್ತೆ ಗೋಡೆ. ಗಾಂಧಿ ಬಜಾರಿನಲ್ಲಿ ಅಷ್ಟೇ ದೂರ ನಡೆದರೆ ಹೂವು, ಹಣ್ಣು, ಕಾಫಿ ಪುಡಿಯ ಘಮ ಸಿಗುತ್ತದೆ, ಚೌಕಾಸಿ ಕೇಳಿಸುತ್ತದೆ. ದೂರ ಗೊತ್ತೇ ಆಗಲ್ಲ. ಅಂದರೆ ಬೀದಿ ನಮ್ಮಿಂದ ಗಮನ ಕಿತ್ತುಕೊಳ್ಳಬಾರದು, ಆದರೆ ಗಮನ ಕೊಡಲು ಏನಾದರೂ ಇರಬೇಕು. ಮೊದಲನೆಯದನ್ನು ಪಾಲಿಸದಿದ್ದರೆ ಒತ್ತಡ, ಎರಡನೆಯದನ್ನು ಮರೆತರೆ ಬೇಸರ. ನಮ್ಮ ಹಳೇ ಪೇಟೆ ಬೀದಿಗಳಲ್ಲಿ ಎರಡನೆಯದು ಧಾರಾಳ, ಮೊದಲನೆಯದು ಇಲ್ಲ. ಹೊಸ ಬಡಾವಣೆಗಳಲ್ಲಿ ಎಷ್ಟೋ ಸಲ ಎರಡೂ ಇಲ್ಲ.

ಮರದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರೂ ಒಪ್ಪುವ ವಿಷಯ. ಎರಡು ಅಧ್ಯಯನ ಸಾಕು. ಬೆಂಗಳೂರಿನ ಬೀದಿಗಳಲ್ಲೇ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಕಂಡದ್ದು: ಮರ ಇರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿಯಷ್ಟು, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿಯಷ್ಟು ಕಡಿಮೆ ಇರಬಹುದು. ಟೊರಾಂಟೊದಲ್ಲಿ 2015ರ ಇನ್ನೊಂದು ಅಧ್ಯಯನದ ಪ್ರಕಾರ ಒಂದು ಬ್ಲಾಕಿಗೆ ಹತ್ತು ಮರ ಜಾಸ್ತಿ ಇದ್ದರೆ, ಜನ ತಮ್ಮ ಆರೋಗ್ಯ ಹೇಗಿದೆ ಅಂತ ಹೇಳಿಕೊಳ್ಳುವುದರಲ್ಲಿ ಏಳು ವರ್ಷ ಚಿಕ್ಕವರಾದಷ್ಟು ವ್ಯತ್ಯಾಸ ಕಾಣುತ್ತದೆ. ಮರ ಇರುವ ಬೀದಿಯಲ್ಲಿ ಅನುಕೂಲಸ್ಥರೇ ಇರುತ್ತಾರಲ್ಲ ಅಂತ ನೀವು ಕೇಳಬಹುದು. ಅವರು ಆದಾಯ, ವಯಸ್ಸು, ಓದು ಎಲ್ಲ ಲೆಕ್ಕಕ್ಕೆ ತಗೊಂಡೇ ಹೇಳಿದ್ದು. ಆದರೂ ಇಂಥ ಅಧ್ಯಯನ ಸಂಬಂಧ ತೋರಿಸುತ್ತದೆ, ಕಾರಣವನ್ನು ಪೂರ್ತಿ ಸಾಬೀತು ಮಾಡಲ್ಲ. ನಮ್ಮಲ್ಲಿ ಇದರ ತಮಾಷೆ ಏನೆಂದರೆ, ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಮರ, ಆಮೇಲೆ ಫುಟ್‌ಪಾತ್.

ಇಷ್ಟೆಲ್ಲ ಓದಿದ ಯಾರಾದರೂ ಹಾನ್ಸ್ ಮಾಂಡರ್‌ಮನ್ ಹೆಸರು ಎತ್ತುತ್ತಾರೆ. ನೆದರ್‌ಲ್ಯಾಂಡ್ಸ್‌ನ ಈ ಎಂಜಿನಿಯರ್ ಡ್ರಾಖ್ಟನ್ ಊರಿನ ದೊಡ್ಡ ಸರ್ಕಲ್ಲಿನಲ್ಲಿ ಸಿಗ್ನಲ್‌ಗಳನ್ನೇ ಕಿತ್ತುಹಾಕಿಸಿದರು. ಸ್ವಲ್ಪ ಅನಿಶ್ಚಿತತೆ ಇದ್ದರೆ ಚಾಲಕರು ತಾವಾಗಿ ನಿಧಾನ ಮಾಡುತ್ತಾರೆ, ಒಬ್ಬರ ಕಣ್ಣು ಒಬ್ಬರು ನೋಡಿ ಸಾಗುತ್ತಾರೆ ಅನ್ನುವುದು ಅವರ ವಾದ. ಅಲ್ಲಿ ಅದು ಫಲಿಸಿತು. ಹಾಗಾದರೆ ನಮ್ಮ ಸಿಗ್ನಲ್ ಇಲ್ಲದ ಸರ್ಕಲ್‌ಗಳು ಸ್ವರ್ಗ ಆಗಬೇಕಿತ್ತು, ಅಲ್ವಾ? ವ್ಯತ್ಯಾಸ ಇರುವುದು ಅನಿಶ್ಚಿತತೆಯ ಭಾರ ಯಾರ ಮೇಲೆ ಬೀಳುತ್ತದೆ ಅನ್ನುವುದರಲ್ಲಿ. ಡ್ರಾಖ್ಟನ್‌ನಲ್ಲಿ ಅದು ಬಿದ್ದದ್ದು ಸ್ಟೇರಿಂಗ್ ಹಿಡಿದವರ ಮೇಲೆ. ನಮ್ಮಲ್ಲಿ ಬೀಳುವುದು ಚೀಲ ಹಿಡಿದು ನಿಂತವರ ಮೇಲೆ. ಅಲ್ಲೂ ಕೂಡ ಇಂಥ ಬೀದಿಗಳ ಬಗ್ಗೆ ದೃಷ್ಟಿ ಇಲ್ಲದವರು ತಕರಾರು ತೆಗೆದಿದ್ದಾರೆ: ಕಣ್ಣು ಕಣ್ಣು ನೋಡಿ ಸಾಗಿ ಅಂದರೆ ನಾವೇನು ಮಾಡಬೇಕು?

ಸ್ಟೇರಿಂಗ್ ಹಿಡಿದವರೂ ಸುಖವಾಗಿಲ್ಲ ಅನ್ನುವುದನ್ನೂ ಹೇಳಬೇಕು. ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 2004ರಲ್ಲಿ ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರಿಂದ ದಿನದ ಪ್ರತಿ ಕೆಲಸ ಹೇಗನ್ನಿಸಿತು ಅಂತ ಬರೆಸಿದರು. ಕೊನೇ ಸ್ಥಾನ ಬಂದದ್ದು ಬೆಳಗಿನ ಪ್ರಯಾಣಕ್ಕೆ. ಫುಟ್‌ಪಾತ್ ಇಲ್ಲದೆ ಜನ ರಸ್ತೆಗಿಳಿದರೆ ಓಡಿಸುವವರಿಗೂ ಆತಂಕ. ಯಾವ ಕಡೆಯಿಂದ ಯಾರು ಬರುತ್ತಾರೋ ಗೊತ್ತಿಲ್ಲ.

ನಮ್ಮಲ್ಲಿ ಬೇರೆ ಥರ ಮಾಡಿ ನೋಡಿಲ್ಲ ಅಂತೇನಲ್ಲ. ಟೆಂಡರ್‌ಶ್ಯೂರ್ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ನೀರು, ಒಳಚರಂಡಿ, ಕೇಬಲ್ ಎಲ್ಲವನ್ನೂ ಕೆಳಗೆ ಜೋಡಿಸಿ, ಮೇಲೆ ಅಗಲವಾದ ಫುಟ್‌ಪಾತ್ ಮಾಡಿದರು. ವಾಹನದ ಲೇನ್ ಉದ್ದಕ್ಕೂ ಒಂದೇ ಅಗಲ ಇಟ್ಟರು. ದುಬಾರಿ ಅಂತ ಟೀಕೆ ಬಂತು. ನಗರದ ಮಧ್ಯಭಾಗಕ್ಕಷ್ಟೇ ಯಾಕೆ ಅನ್ನುವ ಟೀಕೆ ನನಗೂ ಸರಿ ಅನ್ನಿಸುತ್ತದೆ. ಆದರೆ ಅಲ್ಲಿ ನಡೆದಾಗ ತಲೆ ಎತ್ತಿ ನಡೆಯಬಹುದು, ಇದು ನಿಜ. ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಬಂದ್ ಮಾಡಿದ್ದರು. ನಗರ ಭೂ ಸಾರಿಗೆ ನಿರ್ದೇಶನಾಲಯದ ಯೋಜನೆ ಅದು, ಅಳತೆ ಮಾಡಿದವರು ಐಐಎಸ್‌ಸಿಯವರು. ಮಕ್ಕಳು ಬೀದಿ ನಡುವೆ ಓಡಾಡಿದರು, ಜನ ನಿಂತು ಹರಟಿದರು. ಪ್ರಯೋಗ ಮುಗಿಯಿತು, ವಾಹನ ಮರಳಿದವು.

ಇಂಥ ಕೆಲಸಗಳಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬೀದಿ ಚೆಂದ ಮಾಡುವುದು ಅಂದರೆ ಗಾಡಿಯವರನ್ನು ಎತ್ತಂಗಡಿ ಮಾಡುವುದು ಅಂತ ತಿಳಿಯುತ್ತಾರೆ. ರಾತ್ರಿ ಒಂಬತ್ತೂವರೆಗೆ ಬಸ್ ಇಳಿದು ಮನೆಗೆ ನಡೆಯುವ ಹೆಣ್ಣುಮಗಳನ್ನು ಕೇಳಿ, ಯಾವ ದಾರಿ ಹಿಡಿಯುತ್ತೀರಿ ಅಂತ. ದೀಪ ಚೆನ್ನಾಗಿದ್ದರೂ ಖಾಲಿ ಬಿದ್ದ ರಸ್ತೆ ಬಿಟ್ಟು, ಇಡ್ಲಿ ಗಾಡಿ, ಹೂವಿನವರು, ತೆರೆದ ಮೆಡಿಕಲ್ ಶಾಪ್ ಇರುವ ದಾರಿಯಲ್ಲೇ ಬರುತ್ತಾರೆ, ಸ್ವಲ್ಪ ಸುತ್ತಾದರೂ. ಬೀದಿ ಮೇಲೆ ಕಣ್ಣುಗಳಿರಬೇಕು ಅಂತ ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದರು. ಗಾಡಿಯವರು ಫುಟ್‌ಪಾತ್ ಪೂರ್ತಿ ಆಕ್ರಮಿಸಿದರೆ ನಡೆಯಲು ಆಗಲ್ಲ, ಪೂರ್ತಿ ಹೋದರೆ ನಡೆಯಲು ಧೈರ್ಯ ಬರಲ್ಲ. 1.8 ಮೀಟರ್ ಬಿಟ್ಟು ಉಳಿದ ಜಾಗದಲ್ಲಿ ಅವರಿಗೆ ಗುರುತು ಹಾಕಿ ಕೊಡಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಆಶಯವೂ ಅವರನ್ನು ಓಡಿಸುವುದಲ್ಲ.

ಅಡೆತಡೆ ಇಲ್ಲದ, ಅಂಗವಿಕಲರಿಗೂ ಅನುಕೂಲವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಕೆಳಗೆ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆದರೂ ದೊಡ್ಡ ಚರ್ಚೆ ನಡೆಯುತ್ತಿರುವುದು ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಬಗ್ಗೆ. ಕಾರಣ ರಾಜಕೀಯ ಮಾತ್ರ ಅಂತ ನನಗನ್ನಿಸಲ್ಲ. ಲೆಕ್ಕ ಹಾಕುವ ವಿಧಾನದಲ್ಲೇ ಒಂದು ಓರೆ ಇದೆ. ನಮ್ಮ ರಸ್ತೆ ಯೋಜನೆಗಳ ಮೂಲ ಅಳತೆ ಪಿಸಿಯು, ಅಂದರೆ ಒಂದು ವಾಹನ ಎಷ್ಟು ಕಾರಿಗೆ ಸಮ ಅನ್ನುವ ಲೆಕ್ಕ. ಕಾರು ಒಂದಾದರೆ ಬಸ್ಸು, ಬೈಕು, ಸೈಕಲ್ಲು, ಎತ್ತಿನಗಾಡಿ ಪ್ರತಿಯೊಂದಕ್ಕೂ ಅದರದೇ ಅಂಕಿ ಇದೆ. ನಡೆಯುವವರಿಗೆ ಆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಪಟ್ಟಿಯಲ್ಲಿ ಇಲ್ಲದವರ ಒತ್ತಡ ವರದಿಗೆ ಬರುವುದಾದರೂ ಹೇಗೆ?

ಬೆವರು ಅಳೆಯುವ ಸಾಧನವೇನೂ ಬೇಕಿಲ್ಲ. ಒಂದು ವಾರ್ಡಿನ ನಾಲ್ಕು ಕ್ರಾಸಿಂಗ್‌ಗಳಲ್ಲಿ ಕಾಲೇಜು ಹುಡುಗರನ್ನು ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸಿದರೆ ಸಾಕು. ದಾಟಲು ಬಂದವರು ಎಷ್ಟು ಸೆಕೆಂಡ್ ಕಾದರು, ಎಷ್ಟು ಸಲ ಮುಂದೆ ಹೆಜ್ಜೆ ಇಟ್ಟು ಹಿಂದೆ ಬಂದರು, ಓಡಿ ದಾಟಿದವರೆಷ್ಟು, ದಾಟದೆ ವಾಪಸ್ ಹೋದವರೆಷ್ಟು ಅಂತ ಬರೆದುಕೊಳ್ಳಲಿ. ಫುಟ್‌ಪಾತ್ ಇದ್ದರೂ ರಸ್ತೆಯಲ್ಲಿ ನಡೆದವರೆಷ್ಟು ಅಂತ ಇನ್ನೊಂದು ಕಾಲಂ. ರಸ್ತೆ ಕಾಮಗಾರಿಗೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ. ಗುತ್ತಿಗೆದಾರರ ಕೊನೇ ಬಿಲ್ ಪಾಸು ಮಾಡುವ ಮುಂಚೆ ಆ ಎರಡು ಹಾಳೆ ಫೈಲಿನಲ್ಲಿರಲಿ.